ಪಗಾರದ ಚೀಟಿ ಓದಲು ಬರುವವರು

(ಹುಬ್ಬಳ್ಳಿಯಲ್ಲಿ ಸಣ್ಣ ಕೈಗಾರಿಕೆಗಳ ಮಾಲೀಕರು ಮತ್ತು ಮೇಲ್ವಿಚಾರಕರು ಸೇರಿದ್ದ ಸಭೆಯೊಂದರಲ್ಲಿ ನಾನು ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದುಕೊಂಡೆ, ಅಲ್ಲಲ್ಲಿ ತಿದ್ದಿದೆ. ನಡುನಡುವೆ ಬಂದ ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಪರಿಚಯಿಸಿದವರು ‘ಮಾನವ ಸಂಪನ್ಮೂಲ ಸಲಹಾ ಕ್ಷೇತ್ರದ ತಜ್ಞೆ’ ಎಂದರು. ಇಷ್ಟುದ್ದದ ಹೆಸರಿಗೆ ನಾನಿನ್ನೂ ಒಗ್ಗಿಲ್ಲ. ನಮ್ಮ ಅವ್ವನ ಪಾಲಿಗೆ ನಾನು ಕೊನೆಯವರೆಗೂ ‘ಫ್ಯಾಕ್ಟರಿ ಮಂದಿ ಜಗಳ ಬಿಡಸಾಕಿ’. ಅದೇ ಹೆಚ್ಚು ಸರಿ ಅನ್ನಿಸುತ್ತದೆ. 1996ರಲ್ಲಿ ಧಾರವಾಡದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯೂ ಮುಗಿಸಿ, ಬೆಂಗಳೂರಿನ ಒಂದು ಸಿದ್ಧ ಉಡುಪು ಕಾರ್ಖಾನೆಗೆ ಕಲ್ಯಾಣಾಧಿಕಾರಿಯಾಗಿ ಹೋದೆ. 500 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಅಂಥ ಅಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ಹೇಳುತ್ತಿತ್ತು. ಆ ಕಾಯ್ದೆಯ ಪುಣ್ಯದಿಂದ ನನಗೆ ನೌಕರಿ ಸಿಕ್ಕಿತು. ಅಲ್ಲಿ ಯಾರಿಗೂ ನಾನು ಬೇಕಾಗಿರಲಿಲ್ಲ. ಮೊದಲ ಆರು ತಿಂಗಳು ಕ್ಯಾಂಟೀನಿನ ಉಪ್ಪಿಟ್ಟಿನ ರುಚಿ ನೋಡುವುದೇ ನನ್ನ ಮುಖ್ಯ ಕೆಲಸವಾಗಿತ್ತು.

ಈಗ ಚಹಾ ಕುಡಿಯುವಾಗ ಒಬ್ಬರು ಕೇಳಿದರು: “ಮೇಡಂ, ಸಿಎ ಅಂದ್ರ ಗೊತ್ತೈತಿ, ವಕೀಲರು ಅಂದ್ರ ಗೊತ್ತೈತಿ. ನೀವು ನಡುವೆ ಏನು ಮಾಡ್ತೀರಿ, ಅದಕ್ಕ ಯಾಕ ರೊಕ್ಕ ಕೊಡಬೇಕು?” ಒಳ್ಳೆಯ ಪ್ರಶ್ನೆ. ಮುಖಕ್ಕೆ ಹೊಡೆದಂತೆ ಕೇಳಿದ್ದಕ್ಕೆ ಇನ್ನೂ ಖುಷಿ. ಇವತ್ತಿನ ನನ್ನ ಮಾತೆಲ್ಲ ಅದಕ್ಕೇ ಉತ್ತರ ಅಂದುಕೊಳ್ಳಿ.

ಈ ಭಾಗದ್ದೇ ಒಂದು ಎರಕದ ಕಾರ್ಖಾನೆ. ಹೆಸರು ಬೇಡ. ಅಲ್ಲೊಬ್ಬ ಮೋಲ್ಡರ್, ಅಚ್ಚು ಕಟ್ಟುವವನು, ಹನ್ನೊಂದು ದಿನ ಬರಲಿಲ್ಲ, ಹೇಳಿಯೂ ಹೋಗಿರಲಿಲ್ಲ. ಮಾಲೀಕರು ನನಗೆ ಫೋನು ಮಾಡಿದರು. ಕಾಗದಪತ್ರ, ವಿಚಾರಣೆ ಎಲ್ಲ ನೋಡಿಕೊಳ್ಳಲು ಹದಿನೈದು ಸಾವಿರ ಆಗುತ್ತದೆ ಅಂದೆ. “ಏನ್ರೀ ಮೇಡಂ, ಎರಡು ಹಾಳಿಗೆ ಹದಿನೈದು ಸಾವಿರ ಅಂದ್ರ ಹಾಳಿ ಏನು ಬಂಗಾರದ್ದೇನ್ರೀ?” ಅಂದು ಫೋನಿಟ್ಟರು. ಅವರ ಲೆಕ್ಕಿಗರು ಬಾಜೂ ಕಾರ್ಖಾನೆಯಿಂದ ಒಂದು ಹಳೆಯ ಕಾಗದ ತಂದು, ಹೆಸರು ಮತ್ತು ದಿನಾಂಕ ಬದಲಿಸಿ ಕಳಿಸಿದರು. ಅದರಲ್ಲಿದ್ದದ್ದು ಇಷ್ಟೇ: ‘ತಾವು ಎಂಟು ದಿನಕ್ಕಿಂತ ಹೆಚ್ಚು ಕಾಲ ಅನುಮತಿಯಿಲ್ಲದೆ ಗೈರುಹಾಜರಾಗಿದ್ದರಿಂದ, ತಾವೇ ಕೆಲಸ ಬಿಟ್ಟಿರುವಿರೆಂದು ತಿಳಿದು ತಮ್ಮ ಹೆಸರನ್ನು ಹಾಜರಿ ಪಟ್ಟಿಯಿಂದ ತೆಗೆಯಲಾಗಿದೆ.’

ಓದಲು ಏನೂ ತಪ್ಪಿಲ್ಲ. ಕನ್ನಡವೂ ಚೆನ್ನಾಗಿದೆ. ಆದರೆ ಹೀಗೆ ಎಂಟು ದಿನದ ಲೆಕ್ಕ ಹಿಡಿದು, ಕೇಳದೆ ಹೇಳದೆ ಹೆಸರು ಹೊಡೆದುಹಾಕಬಾರದು, ಆ ಮನುಷ್ಯನ ಮಾತು ಕೇಳಲೇಬೇಕು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿಬಿಟ್ಟಿತ್ತು. ನಮ್ಮ ಕಸುಬಿನವರಿಗೆ ಆ ತೀರ್ಪು ಮಗ್ಗಿ ಇದ್ದ ಹಾಗೆ. ಬಾಜೂ ಕಾರ್ಖಾನೆಯ ಕಾಗದಕ್ಕೆ ಅದು ಗೊತ್ತಿರಲಿಲ್ಲ.

ಮೋಲ್ಡರ್ ಕಾರ್ಮಿಕ ನ್ಯಾಯಾಲಯಕ್ಕೆ ಹೋದ. ಏಳು ವರ್ಷ ನಡೆಯಿತು. ಕೊನೆಗೆ ಅವನನ್ನು ವಾಪಸು ತೆಗೆದುಕೊಳ್ಳಿ, ಅರ್ಧ ಹಿಂಬಾಕಿ ಪಗಾರ ಕೊಡಿ ಎಂದಾಯಿತು. ಅವನ ಪಗಾರ ಆಗ ತಿಂಗಳಿಗೆ ಒಂಬತ್ತು ಸಾವಿರ. 84 ತಿಂಗಳಿಗೆ ಅರ್ಧದಂತೆ 3,78,000 ರೂಪಾಯಿ. ವಕೀಲರ ಖರ್ಚು ಬೇರೆ. ಈ ಮೊತ್ತ ಹೇಳಿ ನಿಮ್ಮನ್ನು ಹೆದರಿಸಿ ಫೀ ಕೀಳುವುದು ಸುಲಭ, ನಮ್ಮಲ್ಲಿ ಬಹಳ ಜನ ಹಾಗೇ ಬದುಕುತ್ತಾರೆ. ನನಗೆ ಇದರಲ್ಲಿ ಕಾಡಿದ್ದು ಬೇರೆ. ತೀರ್ಪು ಬಂದ ಮೇಲೆ ಆ ಮನುಷ್ಯನನ್ನು ಕಂಡು, ಆ ಹನ್ನೊಂದು ದಿನ ಎಲ್ಲಿ ಹೋಗಿದ್ದೆ ಮಾರಾಯಾ ಅಂತ ಕೇಳಿದೆ. ಸವದತ್ತಿ ಕಡೆಯ ಹಳ್ಳಿಯಲ್ಲಿ ಅಪ್ಪ ತೀರಿಕೊಂಡಿದ್ದ. ಮಣ್ಣು ಮಾಡಿ ಬರುವಷ್ಟರಲ್ಲಿ ಇವನಿಗೆ ಕಾಮಾಲೆ. ಏಳು ವರ್ಷದಲ್ಲಿ ಈ ಪ್ರಶ್ನೆಯನ್ನು ಕಾರ್ಖಾನೆಯ ಕಡೆಯಿಂದ ಯಾರೂ ಕೇಳಿರಲಿಲ್ಲ. ಅವನ ಊರಿನ ವಿಳಾಸಕ್ಕೆ ಒಂದು ರಿಜಿಸ್ಟರ್ಡ್ ಪತ್ರ ಹೋಗಿದ್ದರೆ ಸಾಕಿತ್ತು. ನಾನು ಹದಿನೈದು ಸಾವಿರ ಕೇಳಿದ್ದು ಆ ಪತ್ರದ ಮೊದಲ ಸಾಲಿಗೆ: ‘ನೀವು ಬಾರದಿರಲು ಕಾರಣವೇನು?’

ಕೇಳಬೇಕಾದ ಪ್ರಶ್ನೆ ಯಾವುದು ಎಂದು ಗುರುತಿಸುವುದೇ ಈ ಕಸುಬಿನ ಅರ್ಧ. ನಮ್ಮ ದೇಶದಲ್ಲಿ ಮಾನವ ಸಂಪನ್ಮೂಲ ಅಥವಾ ಎಚ್‌ಆರ್ ಎಂಬ ವಿಭಾಗ ಹುಟ್ಟಿದ ಕಥೆಯೂ ಹಾಗೇ ಇದೆ. 1974ರಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ಅಹಮದಾಬಾದಿನ ಐಐಎಂನಿಂದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಎಂಬ ಇಬ್ಬರು ಪ್ರಾಧ್ಯಾಪಕರನ್ನು ಸಲಹೆಗಾರರಾಗಿ ಕರೆಸಿತು. ಕರೆಸಿದ್ದು ನೌಕರರ ವಾರ್ಷಿಕ ಮೌಲ್ಯಮಾಪನದ ಪದ್ಧತಿ ನೋಡಲು. ಅಂದರೆ ನಮ್ಮ ಭಾಷೆಯಲ್ಲಿ ‘ಫಾರಂ ಸರಿ ಮಾಡಿಕೊಡಿ’. ಅವರಿಬ್ಬರೂ ಬರೀ ಫಾರಂ ತಿದ್ದಿಕೊಟ್ಟು, ಫೀ ತೆಗೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಅಂಕ ಕೊಡುವ ಪದ್ಧತಿಯೊಂದನ್ನೇ ಬಿಡಿಸಿ ನೋಡಿ ಪ್ರಯೋಜನವಿಲ್ಲ. ಮನುಷ್ಯನ ತರಬೇತಿ, ಬಡ್ತಿ, ಅವನೊಡನೆ ಮೇಲಧಿಕಾರಿ ಆಡುವ ಮಾತು ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ವರದಿ ಕೊಟ್ಟರು. ಮರುವರ್ಷ ಆ ಕಂಪನಿಯಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿಗೆಂದೇ ಪ್ರತ್ಯೇಕ ವಿಭಾಗ ಶುರುವಾಯಿತು. ಭಾರತದಲ್ಲಿ ಅದೇ ಮೊದಲನೆಯದು ಎನ್ನುತ್ತಾರೆ.

ದೊಡ್ಡವರ ಕಥೆ ಹೇಳಿ ನಾನು ದೊಡ್ಡವಳಾಗಲು ಹೊರಟಿಲ್ಲ. ನನ್ನದೇ ಒಂದು ತಪ್ಪು ಹೇಳುತ್ತೇನೆ.

ಮೊದಲ ನೌಕರಿಯ ಎರಡನೇ ವರ್ಷ. ಸೋಮವಾರ ಬಂತೆಂದರೆ ಹೊಲಿಗೆ ಸಾಲಿನಲ್ಲಿ ಮಷಿನುಗಳು ಖಾಲಿ. ನಾನು ಬುದ್ಧಿ ಓಡಿಸಿ ಒಂದು ಯೋಜನೆ ತಂದೆ: ತಿಂಗಳು ಪೂರ್ತಿ ಒಂದೂ ರಜೆ ಹಾಕದವರಿಗೆ 150 ರೂಪಾಯಿ ಹಾಜರಿ ಬೋನಸ್. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಮೂರೇ ತಿಂಗಳಲ್ಲಿ ಮಷಿನು ತುಂಬಿದವು. ಮ್ಯಾನೇಜರು ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಹೊಗಳಿದರು. ನಾಲ್ಕನೇ ತಿಂಗಳು ಒಬ್ಬ ಹೆಣ್ಣುಮಗಳು ಜ್ವರದಲ್ಲಿ ಬಂದು, ಕಾಲರ್ ಹೊಲಿಯುತ್ತಲೇ ಕುಸಿದುಬಿದ್ದಳು. ಆಸ್ಪತ್ರೆಯಲ್ಲಿ ಪಕ್ಕ ಕೂತು ನಾನು ಬೈದೆ, “ಇಷ್ಟು ಜ್ವರ ಇದ್ದಾಗ ಯಾಕಮ್ಮ ಬಂದೆ?” ಅವಳು ಹೇಳಿದಳು: “ನೂರೈವತ್ತು ಕಟ್ ಆಯ್ತದಲ್ಲ ಮೇಡಂ, ಮಗನ ಫೀಸು ಅದು.”

‘ಕಟ್’ ಅಂದಳು. ನಾನು ಕೊಡುತ್ತಿದ್ದೇನೆ ಅಂದುಕೊಂಡಿದ್ದೆ, ಅವಳ ಚೀಟಿಯಲ್ಲಿ ಅದು ಆಗಲೇ ಸಂಬಳದ ಭಾಗವಾಗಿತ್ತು. ಒಂದು ದಿನ ಮಲಗಿದರೆ ನಾನು ಅವಳಿಂದ ಕಸಿದುಕೊಳ್ಳುತ್ತಿದ್ದೆ. ಕಾಗದ ಒಂದೇ, ಮೇಜಿನ ಆ ಕಡೆಯಿಂದ ಓದಿದರೆ ಒಂದು ಅರ್ಥ, ಈ ಕಡೆಯಿಂದ ಇನ್ನೊಂದು. ಎಂಎಸ್‌ಡಬ್ಲ್ಯೂ ಎರಡು ವರ್ಷದಲ್ಲಿ ಕಲಿಯದ್ದನ್ನು ಆ ಮಂಚದ ಪಕ್ಕ ಕಲಿತೆ. ಅಂದಿನಿಂದ ಯಾವ ಕಾರ್ಖಾನೆಗೆ ಹೋದರೂ ಮೊದಲು ಕೇಳುವುದು ನಿಮ್ಮ ಲೈಸೆನ್ಸನ್ನಲ್ಲ, ರಿಜಿಸ್ಟರನ್ನಲ್ಲ. ಅತಿ ಕಡಿಮೆ ಪಗಾರದ ಮನುಷ್ಯನ ಈ ತಿಂಗಳ ಪಗಾರದ ಚೀಟಿ ತೋರಿಸಿ ಅನ್ನುತ್ತೇನೆ. ಅದನ್ನು ಅವನ ಹಾಗೆ ಓದಲು ಯತ್ನಿಸುತ್ತೇನೆ.

ಹಾಗೆ ಓದುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಕೋಲಾರ ಜಿಲ್ಲೆಯ ನರಸಾಪುರ. 2020ರ ಡಿಸೆಂಬರ್ 12, ಶನಿವಾರ ಬೆಳಗ್ಗೆ. ಆ್ಯಪಲ್‌ಗಾಗಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಎಂಬ ತೈವಾನ್ ಕಂಪನಿಯ ಕಾರ್ಖಾನೆ. ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಹೊರಗೆ ಬರುವ ಹೊತ್ತಿಗೆ ಗಾಜು ಒಡೆದವು, ವಾಹನಗಳಿಗೆ ಬೆಂಕಿ ಬಿತ್ತು. ಟಿವಿಯಲ್ಲಿ ನೀವೆಲ್ಲ ನೋಡಿದ್ದೀರಿ. ನೂರಕ್ಕೂ ಹೆಚ್ಚು ಹುಡುಗರು ಜೈಲು ಸೇರಿದರು. ಆ ವಾರ ಚರ್ಚೆಯಾದದ್ದೆಲ್ಲ ಯಾರು ಪ್ರಚೋದಿಸಿದರು, ಯಾವ ಸಂಘಟನೆ, ಎಷ್ಟು ಕೋಟಿ ನಷ್ಟ ಅಂತ. ದೂರಿನಲ್ಲಿ ನೂರಾರು ಕೋಟಿ ಎಂದಿದ್ದ ನಷ್ಟವನ್ನು ಕಂಪನಿ ಆಮೇಲೆ ಬಹಳಷ್ಟು ಇಳಿಸಿತು, ಆ ಮಾತು ಬಿಡಿ.

ನಾನು ಓದಲು ಕಾದಿದ್ದು ಕಾರ್ಖಾನೆಗಳ ಇಲಾಖೆಯ ವರದಿಯನ್ನು. ಪತ್ರಿಕೆಗಳಲ್ಲಿ ಅದರ ಮುಖ್ಯಾಂಶ ಬಂತು. ಅಲ್ಲಿ ಕಾರ್ಮಿಕರ ಸಂಖ್ಯೆ ಸ್ವಲ್ಪವೇ ಕಾಲದಲ್ಲಿ 5,000ದಿಂದ 10,500ಕ್ಕೆ ಏರಿತ್ತು. ಆದರೆ ಕಾರ್ಮಿಕ ಕಾನೂನು ಚೆನ್ನಾಗಿ ತಿಳಿದವರನ್ನು ಇಟ್ಟುಕೊಂಡು ಎಚ್‌ಆರ್ ವಿಭಾಗವನ್ನು ತಕ್ಕಷ್ಟು ಕಟ್ಟಿರಲಿಲ್ಲ. ಹಾಜರಿ ದಾಖಲಿಸುವ ವ್ಯವಸ್ಥೆಯಲ್ಲಿ ದೋಷವಿತ್ತು, ಎರಡು ತಿಂಗಳಾದರೂ ಸರಿಪಡಿಸಿರಲಿಲ್ಲ. ಅಷ್ಟರಲ್ಲಿ ಎಂಟು ತಾಸಿನ ಪಾಳಿ ಹನ್ನೆರಡು ತಾಸಾಗಿತ್ತು.

ಇದನ್ನು ಈಗ ಚೀಟಿಯ ಕಡೆಯಿಂದ ನೋಡಿ. ಹನ್ನೆರಡು ತಾಸು ನಿಂತಿದ್ದೀರಿ, ಮಷಿನು ನಿಮ್ಮ ಹಾಜರಿ ಪೂರ್ತಿ ಹಿಡಿದಿಲ್ಲ. ತಿಂಗಳ ಕೊನೆಗೆ ಬರಬೇಕಾದ್ದು ಬಂದಿಲ್ಲ. ಇಂಜಿನಿಯರಿಂಗ್ ಓದಿದ ಹುಡುಗರಿಗೆ 21,000 ಎಂದು ಹೇಳಿ, ಅದು 16,000ಕ್ಕೆ, ಕೊನೆಗೆ 12,000ಕ್ಕೆ ಇಳಿದಿತ್ತೆಂದು ಕಾರ್ಮಿಕರು ಹೇಳಿದ್ದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಕೇಳೋಣವೆಂದರೆ ಯಾರನ್ನು? ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕಂಪನಿಯವರನ್ನು ಕೇಳಿದರೆ ಏಜೆನ್ಸಿ ಕಡೆ ಕೈ ತೋರಿಸುತ್ತಾರೆ, ಏಜೆನ್ಸಿಯವನು ‘ಕಂಪನಿ ಕಳಿಸಿದ ಹಾಜರಿಗೆ ತಕ್ಕಂತೆ ಹಾಕಿದ್ದೇನೆ’ ಅನ್ನುತ್ತಾನೆ. ಗುತ್ತಿಗೆ ಕಾರ್ಮಿಕರನ್ನು ಇಟ್ಟುಕೊಂಡ ನನ್ನ ಎಲ್ಲ ಗಿರಾಕಿಗಳಲ್ಲೂ ನಾನು ಕಂಡ ಕಾಯಿಲೆ ಇದು. ಕಾಯ್ದೆ ಈ ವಿಷಯದಲ್ಲಿ ಬಹಳ ಸ್ಪಷ್ಟ: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. 1970ರಿಂದಲೂ ಇದೇ ಇದೆ. ಕಾಯ್ದೆ ಸ್ಪಷ್ಟವಿದ್ದರೆ ಏನು, ಗೇಟಿನ ಹತ್ತಿರ ‘ಇಲ್ಲಿ ಕೇಳಿ’ ಎಂದು ಹೇಳುವ ಒಂದು ಕಿಟಕಿ ಇರಲಿಲ್ಲವಲ್ಲ.

ಒಂದು ವಾರದೊಳಗೆ ಆ್ಯಪಲ್ ಆ ಕಂಪನಿಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ವಿಸ್ಟ್ರಾನ್ ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ಆ ಸ್ಥಾನದಿಂದ ತೆಗೆದು, ಕಾರ್ಮಿಕರಲ್ಲಿ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಪಾಲಾಯಿತು. ಬೆಂಕಿ ಹಚ್ಚಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಹತ್ತು ಸಾವಿರ ಜನರಲ್ಲಿ ಅಕ್ಟೋಬರಿನ ಪಗಾರ ತಪ್ಪಾದಾಗ, ನವೆಂಬರ್ ಮೊದಲ ವಾರದಲ್ಲಿ ಹತ್ತೇ ಚೀಟಿ ತರಿಸಿ ಓದುವ ಒಬ್ಬ ಅನುಭವಿ ಅಲ್ಲಿ ಇದ್ದಿದ್ದರೆ? ಅವರು ಜಗತ್ತಿನ ಅತ್ಯಂತ ಸೂಕ್ಷ್ಮ ಫೋನನ್ನು ಮೈಕ್ರಾನ್ ಲೆಕ್ಕದಲ್ಲಿ ಜೋಡಿಸುತ್ತಿದ್ದರು. ಹಾಜರಿ ಲೆಕ್ಕ ಸರಿ ಬರುತ್ತಿರಲಿಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ, ಕ್ಷಮಿಸಿ.

ಕೆಲವೊಮ್ಮೆ ತಪ್ಪು ಕಾರ್ಖಾನೆಯದ್ದೇ ಆಗಿರಬೇಕೆಂದಿಲ್ಲ. 2016ರ ಏಪ್ರಿಲ್ ನೆನಪಿಸಿಕೊಳ್ಳಿ. 58 ವರ್ಷ ಆಗುವವರೆಗೆ ಭವಿಷ್ಯ ನಿಧಿ, ಅಂದರೆ ಪಿಎಫ್‌ನಲ್ಲಿ ಮಾಲೀಕರ ಪಾಲನ್ನು ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರವರಿ 10ರಂದು ನಿಯಮ ಮಾಡಿತ್ತು. ದೆಹಲಿಯಲ್ಲಿ ಕೂತು ನೋಡಿದರೆ ಒಳ್ಳೆಯದೇ, ಮುಪ್ಪಿಗೆ ಹಣ ಉಳಿಯುತ್ತದೆ. ಬೆಂಗಳೂರಿನ ಬೊಮ್ಮನಹಳ್ಳಿಯ ಉಡುಪು ಕಾರ್ಖಾನೆಯ ಹೊಲಿಗೆ ಸಾಲಿನಿಂದ ನೋಡಿದರೆ? ಅಲ್ಲಿ ಪಿಎಫ್ ಅಂದರೆ ಮುಪ್ಪಿನ ಮಾತಲ್ಲ. ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ತೆಗೆದು ಮಗಳ ಮದುವೆ ಮಾಡುವ, ಸಾಲ ತೀರಿಸುವ, ಮನೆ ಅಡ್ವಾನ್ಸ್ ಕಟ್ಟುವ ದುಡ್ಡು. 40ರ ನಂತರ ಕಣ್ಣು ಮಂಜಾದರೆ ಸೂಜಿ ಹಿಡಿಯಲು ಯಾರು ಇಟ್ಟುಕೊಳ್ಳುತ್ತಾರೆ? 58 ಎಂಬ ಸಂಖ್ಯೆಯೇ ಅವರಿಗೆ ಗೇಲಿ ಮಾಡಿದಂತೆ ಕೇಳಿಸಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ದೊಡ್ಡ ಸಂಘವಿಲ್ಲ, ಹೆಸರಾಂತ ನಾಯಕರಿಲ್ಲ. ಎರಡನೇ ದಿನ ಸಂಜೆಗೆ ಸರ್ಕಾರ ಆದೇಶ ಹಿಂತೆಗೆದುಕೊಂಡಿತು.

ಆ ದಿನ ಬೆಳಗ್ಗೆ ಒಂದು ಕಾರ್ಖಾನೆಯ ಎಚ್‌ಆರ್ ಹುಡುಗ ನನಗೆ ಫೋನು ಮಾಡಿದ. “ಮೇಡಂ, ಎಲ್ಲರೂ ಎದ್ದು ಹೊರಗೆ ಹೋಗ್ತಿದ್ದಾರೆ, ನಮ್ಮದೇನೂ ತಪ್ಪಿಲ್ಲ!” ನಿಜ, ತಪ್ಪಿರಲಿಲ್ಲ. ನಾನು ಕೇಳಿದೆ, ಫೆಬ್ರವರಿಯಲ್ಲಿ ಬಂದ ಆದೇಶವನ್ನು ನೀನು ಯಾವಾಗ ಓದಿದೆ? “ಮೊನ್ನೆ ಪೇಪರಿನಲ್ಲಿ.” ಎರಡು ತಿಂಗಳು ಆ ಆದೇಶ ಕೇಂದ್ರ ಸರ್ಕಾರದ ಗೆಜೆಟ್ಟಿನಲ್ಲಿತ್ತು. ಅವನ ಕಾರ್ಖಾನೆಯಲ್ಲಿ 1,200 ಜನ ಹೆಣ್ಣುಮಕ್ಕಳಿದ್ದರು. ಅವರಿಗೆ ಇದು ಹೇಗೆ ಕೇಳಿಸೀತು ಎಂದು ಊಹಿಸುವುದೇ ಅವನ ಕೆಲಸ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನಿಗೆ ಸಾಫ್ಟ್‌ವೇರ್ ಚೆನ್ನಾಗಿ ಬರುತ್ತಿತ್ತು.

ಈಗ ಇವತ್ತಿನ ವಿಷಯಕ್ಕೆ ಬರೋಣ, ನೀವೆಲ್ಲ ಬಂದದ್ದೂ ಇದಕ್ಕೇ ಇರಬೇಕು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, 29 ಹಳೆಯ ಕೇಂದ್ರ ಕಾಯ್ದೆಗಳು ಅವುಗಳಲ್ಲಿ ಸೇರಿಹೋದವು. ಮಾರನೇ ದಿನದಿಂದ ನನ್ನ ಫೋನು ಬಿಡುವು ಕಂಡಿಲ್ಲ. ಎಲ್ಲರದ್ದೂ ಒಂದೇ ಹೆದರಿಕೆ: ‘ಕೂಲಿ’ಯ ಹೊಸ ವ್ಯಾಖ್ಯೆಯಿಂದ ಎಲ್ಲರ ಕೈಗೆ ಬರುವ ಪಗಾರ ಇಳಿಯುತ್ತದಂತೆ, ಹೌದಾ?

ಲೆಕ್ಕ ಹಾಕೋಣ. ನಿಮ್ಮಲ್ಲೊಬ್ಬ ಸೂಪರ್‌ವೈಸರ್ ಇದ್ದಾನೆ, ಒಟ್ಟು ಪಗಾರ 40,000. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ 15,000, ಉಳಿದ 25,000 ಮನೆಬಾಡಿಗೆ, ಓಡಾಟ, ಅದು ಇದು ಭತ್ಯೆ. ಹೊಸ ವ್ಯಾಖ್ಯೆಯ ಪ್ರಕಾರ ಇಂಥ ಭತ್ಯೆಗಳು ಒಟ್ಟಿನ ಅರ್ಧ ಮೀರಿದರೆ, ಮೀರಿದಷ್ಟನ್ನು ಕೂಲಿಗೆ ಸೇರಿಸಬೇಕು. ಅರ್ಧ ಅಂದರೆ 20,000. ಹೆಚ್ಚಾದದ್ದು 5,000. ಹಾಗಾಗಿ ಲೆಕ್ಕಕ್ಕೆ ಅವನ ಕೂಲಿ ಇನ್ನು 15,000 ಅಲ್ಲ, 20,000.

ಪಿಎಫ್ ಕಡಿತ ಏರುತ್ತದೆಯೇ? ನೀವು ಪಿಎಫ್‌ಗೆ ಕಾನೂನಿನಲ್ಲಿರುವ 15,000ದ ಮಿತಿಗೇ 12 ಶೇಕಡಾ ಹಿಡಿಯುತ್ತಿದ್ದರೆ ಆಗಲೂ 1,800, ಈಗಲೂ 1,800. ಅವನ ಕೈಗೆ ಬರುವುದರಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ವಾಟ್ಸ್ಆ್ಯಪ್ ಗಾಬರಿ ಅಲ್ಲಿಗೆ ಮುಗಿಯಿತು. ಆದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಮಾಲೀಕರು ಕೊಡುವ ಇಡಿಗಂಟು, ಅದನ್ನು ನೋಡಿ. ವರ್ಷಕ್ಕೆ 15 ದಿನದ ಕೂಲಿ, ತಿಂಗಳಿಗೆ 26 ದಿನದ ಲೆಕ್ಕ. 15,000ಕ್ಕಾದರೆ ವರ್ಷಕ್ಕೆ 8,654 ರೂಪಾಯಿ. 20,000ಕ್ಕಾದರೆ 11,538. ಹತ್ತು ವರ್ಷ ಮಾಡಿದವನಿಗೆ ಸುಮಾರು 86,500 ಕೊಡಬೇಕಾದ ಕಡೆ 1,15,000ಕ್ಕೂ ಮೇಲೆ. ಅಂಥ 30 ಜನ ಇದ್ದರೆ? ಕೆಲಸಗಾರ ಹೆದರಬೇಕಾದ ಜಾಗದಲ್ಲಿ ಏನೂ ಇಲ್ಲ, ಮಾಲೀಕರು ಎಚ್ಚರವಾಗಬೇಕಾದ ಜಾಗ ಯಾರ ಕಣ್ಣಿಗೂ ಬಿದ್ದಿಲ್ಲ. ಹೋದ ತಿಂಗಳು ಒಂದು ಕಾರ್ಖಾನೆಯಲ್ಲಿ ಈ ಲೆಕ್ಕ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಕೆಲಸಗಾರರು ನಗುತ್ತಾ ಎದ್ದು ಹೋದರು, ಮಾಲೀಕರು ಸುಮ್ಮನೆ ಕೂತರು.

ಇನ್ನೂ ಎರಡು ವಿಷಯ ಬೇಗ ಹೇಳಿಬಿಡುತ್ತೇನೆ. ನಿಗದಿತ ಅವಧಿಗೆ ತೆಗೆದುಕೊಂಡವರಿಗೆ ಈಗ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು. ಕೆಲಸ ಬಿಟ್ಟವರ ಬಾಕಿ ಕೂಲಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ನಿಮ್ಮ ಲೆಕ್ಕಿಗರು ಶನಿವಾರ ಮಾತ್ರ ಬರುತ್ತಾರೆ ಅಂತ ನನಗೆ ಗೊತ್ತು. ಸೋಮವಾರ ಯಾರೂ ರಾಜೀನಾಮೆ ಕೊಡದಂತೆ ನೋಡಿಕೊಳ್ಳಿ.

ನಮ್ಮ ಕಸುಬಿನ ಕಸವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಬೋರ್ಡು ಹಾಕಿಕೊಳ್ಳಲು ನಮಗೆ ಸನದು ಬೇಡ, ಪರೀಕ್ಷೆ ಬೇಡ. ವಕೀಲರಿಗಿದ್ದಂತೆ ಬಾರ್ ಕೌನ್ಸಿಲ್ ಇಲ್ಲ. ಹಾಗಾಗಿ ಯಾರು ಬೇಕಾದರೂ ಸಲಹೆಗಾರರು. ನಾನು ಕಂಡ ಒಂದು ಪಾಲಿಸಿ ಪುಸ್ತಕದಲ್ಲಿ, ಇಲ್ಲೇ ನಮ್ಮ ಕಡೆಯ ಒಂದು ಮೆಷಿನ್ ಶಾಪಿನ ಪುಸ್ತಕ, ‘ಹಿಮ ಬಿದ್ದ ದಿನ’ದ ರಜೆಯ ನಿಯಮ ಇತ್ತು. ಇನ್ನೊಬ್ಬರು ಕಂಪ್ಯೂಟರ್ ಯಂತ್ರ ಓಡಿಸುವ ಸಿಎನ್‌ಸಿ ಆಪರೇಟರುಗಳಿಗೆ ಇಂಗ್ಲಿಷಿನಲ್ಲಿ 120 ಪ್ರಶ್ನೆಯ ಮನೋಪರೀಕ್ಷೆ ಮಾಡಿ, ತಲೆಗೆ ಇಷ್ಟು ಎಂದು ಹಣ ತೆಗೆದುಕೊಂಡಿದ್ದರು. ಹುಡುಗರು ಒಬ್ಬರದ್ದೊಬ್ಬರು ನೋಡಿ ಬರೆದಿದ್ದರಿಂದ ಎಲ್ಲರೂ ‘ಅಂತರ್ಮುಖಿ ನಾಯಕ’ರಾಗಿದ್ದರು. ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯೆ ಎಂದು, ತಮ್ಮ ಹೆಂಡತಿಯ ಹೆಸರನ್ನೇ ಹನ್ನೆರಡು ಕಾರ್ಖಾನೆಗಳಿಗೆ ಬರೆದುಕೊಟ್ಟ ಸಲಹೆಗಾರರೂ ಇದ್ದಾರೆ. ಆ ತಾಯಿ ಒಂದು ಕಾರ್ಖಾನೆಯನ್ನೂ ನೋಡಿಲ್ಲ.

ಇಂಥವರಿಂದ ಪಾರಾಗುವುದು ಹೇಗೆ ಎಂದು ಕೇಳಿದರೆ ನಾನು ಹೇಳುವುದು ಹೀಗೆ. ‘ಇನ್ಸ್‌ಪೆಕ್ಟರನ್ನ ನಾನು ನೋಡ್ಕೋತೀನಿ’ ಎಂದು ಮೊದಲ ಭೇಟಿಯಲ್ಲೇ ಹೇಳುವವರನ್ನು ಚಹಾ ಕೊಟ್ಟು ಕಳಿಸಿ. ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಹತ್ತಿರ ಅರ್ಧ ತಾಸು ನಿಲ್ಲಲು ಬರುತ್ತೀರಾ ಎಂದು ಕೇಳಿ, ಬರದಿದ್ದರೆ ಬೇಡ. ನೀವು ಹೇಳಿದ್ದಕ್ಕೆಲ್ಲ ಹೂಂ ಅನ್ನುವವರೂ ಬೇಡ, ಅದಕ್ಕೆ ನಿಮ್ಮ ಮನೆಯಲ್ಲೇ ಜನ ಇರಬಹುದು. ನನ್ನ ಗಿರಾಕಿಯೊಬ್ಬರು ಒಂದೇ ದಿನ ಏಳು ಜನರನ್ನು ಮನೆಗೆ ಕಳಿಸಬೇಕೆಂದು ನನ್ನನ್ನು ಕರೆಸಿದ್ದರು. ಕೊನೆಗೆ ಸೇರಿದವನು ಮೊದಲು ಹೋಗಬೇಕು, ಒಂದು ತಿಂಗಳ ನೋಟಿಸು, ವರ್ಷಕ್ಕೆ 15 ದಿನದ ಪರಿಹಾರ ಎಂದು ಅವರು ಪಟ್ಟಿ ಸಮೇತ ತಯಾರಾಗಿದ್ದರು, ಕಾಯ್ದೆ ಪ್ರಕಾರ ಎಲ್ಲ ಸರಿ. ನಾನು ಪಟ್ಟಿ ನೋಡಿ, ಇವರಲ್ಲಿ ಮೂವರು ಹೋದರೆ ನಿಮ್ಮ ಗ್ರೈಂಡಿಂಗ್ ಮಷಿನು ಓಡಿಸುವವರು ಯಾರು ಅಂದೆ. ಅವರಿಗೆ ಗೊತ್ತಿರಲಿಲ್ಲ. ಫೋರ್‌ಮನ್‌ನನ್ನು ಕರೆಸಿ ಕೇಳಿದೆವು. ಅವತ್ತು ಯಾರೂ ಹೋಗಲಿಲ್ಲ, ಖರ್ಚು ಇಳಿಸಲು ಅದರ ಬದಲು ಓವರ್‌ಟೈಮು ನಿಂತಿತು. ಆ ತಿಂಗಳ ನನ್ನ ಫೀ ಮಾತ್ರ ಆರು ತಿಂಗಳು ತಡವಾಗಿ ಬಂತು, ಅದೂ ಒಂದು ಕಥೆ.

ಇನ್ನು ನಡುವೆ ಬಂದ ಪ್ರಶ್ನೆಗಳು.

ಒಬ್ಬರು ಎದ್ದು, “ನಮ್ಮಲ್ಲಿ ಬರೇ ಹದಿನೆಂಟು ಮಂದಿ ಅದಾರ್ರೀ, ನಮಗ್ಯಾಕ ಎಚ್‌ಆರ್?” ಅಂದರು. ಹದಿನೆಂಟು ಬಹಳ ಕುತೂಹಲದ ಸಂಖ್ಯೆ. ಪಿಎಫ್ ಶುರುವಾಗುವುದು 20ಕ್ಕೆ, ಹಾಗಾಗಿ ಈ ರಸ್ತೆಯಲ್ಲಿ ಹದಿನೆಂಟು, ಹತ್ತೊಂಬತ್ತು ಮಂದಿಯ ಕಾರ್ಖಾನೆಗಳು ಬಹಳ. (ಎಲ್ಲರೂ ನಕ್ಕರು.) ಇಪ್ಪತ್ತನೆಯವನು ಬಾಜೂ ಶೆಡ್ಡಿನಲ್ಲಿ ತಮ್ಮನ ಹೆಸರಿನ ಘಟಕದಲ್ಲಿರುತ್ತಾನೆ. ಎರಡೂ ಒಂದೇ ಎಂದು ಪಿಎಫ್ ಕಚೇರಿಯವರು ತೋರಿಸಿದರೆ ಹಿಂದಿನ ವರ್ಷಗಳ ಬಾಕಿ, ಬಡ್ಡಿ, ದಂಡ ಎಲ್ಲ ಸೇರಿ ಬರುತ್ತದೆ. ಅದಿರಲಿ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ, ಗ್ರಾಚ್ಯುಟಿ, ಆಂತರಿಕ ಸಮಿತಿ ಈ ಮೂರೂ ಹತ್ತು ಜನಕ್ಕೇ ಶುರು. ನಿಮಗೆ ತಿಂಗಳ ಪಗಾರದ ಎಚ್‌ಆರ್ ಬೇಡ. ಹತ್ತು ಕಾರ್ಖಾನೆಯವರು ಸೇರಿ ಒಬ್ಬ ಅನುಭವಿಯನ್ನು ಹಂಚಿಕೊಳ್ಳಿ, ವಾರಕ್ಕೆ ಅರ್ಧ ದಿನ ನಿಮ್ಮಲ್ಲಿಗೆ ಬರಲಿ.

ಒಬ್ಬ ಹುಡುಗ, ಮಾಲೀಕರೊಬ್ಬರ ಮಗ ಇರಬೇಕು, “ಆ್ಯಂಟಿ, ಇದೆಲ್ಲ ಈಗ ಎಐ ಮಾಡುತ್ತಲ್ಲ?” ಎಂದು ಕೇಳಿದ. ಮಾಡುತ್ತದಪ್ಪ. ಈಗ ನಾನು ಬೋರ್ಡಿನ ಮೇಲೆ ಹಾಕಿದ ಲೆಕ್ಕವನ್ನು ನನಗಿಂತ ಬೇಗ ಮಾಡುತ್ತದೆ, ಆ ಮೋಲ್ಡರನಿಗೆ ಪತ್ರವನ್ನೂ ಚೆನ್ನಾಗಿ ಬರೆಯುತ್ತದೆ. ನಾನೂ ಬಳಸುತ್ತೇನೆ. ಆದರೆ ಆ ಪತ್ರ ಬರೆಸಲು ಕೂತವರು ‘ಎಂಟು ದಿನ ಬಾರದವನನ್ನು ತೆಗೆಯಲು ಪತ್ರ ಬೇಕು’ ಎಂದು ಕೇಳುತ್ತಾರೋ, ‘ಇವನು ಯಾಕೆ ಬಂದಿಲ್ಲ’ ಎಂದು ಕೇಳುತ್ತಾರೋ ನೋಡಬೇಕು.

ಸಭೆ ಮುಗಿದು ಊಟಕ್ಕೆ ಹೋಗುವಾಗ ಒಬ್ಬ ವಯಸ್ಸಾದ ಮೇಲ್ವಿಚಾರಕರು ಕಂಬದ ಹತ್ತಿರ ತಡೆದರು. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಹಾಳಿ ತೆಗೆದು ಬಿಡಿಸಿದರು. ಪಗಾರದ ಚೀಟಿ. ಕೆಳಗಿನ ಸಾಲಿಗೆ ಬೆರಳಿಟ್ಟು, “ಅಕ್ಕಾರ, ಇದು 640 ರೂಪಾಯಿ, ಮೂರು ತಿಂಗಳಿಂದ ಹೊಂಟೈತ್ರಿ. ಏನಂತ ಗೊತ್ತಾಗವಲ್ದು” ಅಂದರು. ಮೂರು ಇಂಗ್ಲಿಷ್ ಅಕ್ಷರಗಳ ಸಂಕ್ಷೇಪ. ನನಗೂ ತಿಳಿಯಲಿಲ್ಲ, ಹಾಗೇ ಹೇಳಿದೆ. ಅವರ ಮಾಲೀಕರು ತಾಟು ಹಿಡಿದು ಹಿಂದೆಯೇ ನಿಂತಿದ್ದರು. “ಕೊಡ್ರಿ ಇಲ್ಲಿ” ಎಂದು ತಾಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಜೇಬಿನಲ್ಲಿ ಚಾಳೀಸು ಹುಡುಕತೊಡಗಿದರು.